ಹಾಡಿನ ಅಸಲು

ಹೊರನಾಡಿನಲ್ಲಿ ಮನೆಮಾಡಿಕೊಂಡಿರುವ ನಮ್ಮಂಥವರ ಬಾಯಲ್ಲಿ ಕನ್ನಡದ ಮಾತು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರೂ ಕನ್ನಡದ ಹಾಡು ಇನ್ನೂ ಉಳಿದುಕೊಂಡಿದೆ. ಶ್ರಾವಣ ಶುಕ್ರವಾರದ ಸಂಜೆ ವರ್ತಕ ನಗರದ ನಮ್ಮ ಕಟ್ಟಡದಲ್ಲಿ ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಕೇಳಿಸದಿದ್ದರೆ ಪೂಜೆ ಮುಗಿಯಿತೆನ್ನಿಸುವುದಿಲ್ಲ. ಇಂಥದೇ ಒಂದು ಸಂಜೆ ಚಿಕ್ಕದೊಂದು ವಾದ ಹುಟ್ಟಿತು. ಅರಿಸಿನ ಕುಂಕುಮಕ್ಕೆ ಬಂದಿದ್ದ ನೆರೆಮನೆಯ ಮರಾಠಿ ಅಜ್ಜಿಯೊಬ್ಬರು ಆ ಹಾಡನ್ನು ಪಂಡಿತ ಭೀಮಸೇನ ಜೋಶಿಯವರ ಧಾಟಿಯಲ್ಲಿ ಸೊಗಸಾಗಿ ಹಾಡಿದರು. ಊರಿನಿಂದ ಬಂದಿದ್ದ ನಮ್ಮ ಹಿರಿಯರೊಬ್ಬರು ಕೇಳುವಷ್ಟು ಹೊತ್ತೂ ತಲೆದೂಗಿ, ಕೊನೆಗೆ ಮಾತ್ರ, “ಚೆನ್ನಾಗಿದೆ, ಆದರೆ ಇದು ಅಸಲು ಧಾಟಿಯಲ್ಲ” ಎಂದುಬಿಟ್ಟರು.

ಬ್ಯಾಂಕಿನಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆಯುವ ನಮಗೆ ಅಸಲು ಎಂಬ ಮಾತು ಕಿವಿಗೆ ಬಿದ್ದರೆ ಸುಮ್ಮನಿರಲಾಗದು. ಹಾಡಿನಲ್ಲಿ ಅಸಲು ಯಾವುದು, ನಕಲು ಯಾವುದು? ಈ ಪ್ರಶ್ನೆಯ ಬೆನ್ನು ಹತ್ತಿ ನಾವು ಕಂಡುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇವೆ.

ವ್ಯಾಸರಾಯರು 1539ರಲ್ಲಿಯೂ ಅವರ ಶಿಷ್ಯರಾದ ಪುರಂದರದಾಸರು 1564ರಲ್ಲಿಯೂ ಕಾಲವಾದರೆಂದು ಚರಿತ್ರೆ ಹೇಳುತ್ತದೆ. ವಿಜಯನಗರವು ಇನ್ನೂ ವೈಭವದಲ್ಲಿದ್ದ ಕಾಲವದು. ಅವರ ಪದಗಳು ಓಲೆಗರಿಗಳಲ್ಲಿ, ಭಜನೆಯ ಮೇಳಗಳಲ್ಲಿ, ಮುಖ್ಯವಾಗಿ ಹೆಂಗಸರ ನಾಲಗೆಯ ಮೇಲೆ ಉಳಿದು ಬಂದವು. ಆದರೆ ದಾಸರು ತಂಬೂರಿ ಹಿಡಿದು ಅವುಗಳನ್ನು ಯಾವ ಸ್ವರದಲ್ಲಿ ಹಾಡಿದರೆಂಬುದನ್ನು ಬರೆದಿಟ್ಟವರಿಲ್ಲ. ದಕ್ಷಿಣದ ಕಛೇರಿಗಳಲ್ಲಿ ‘ಭಾಗ್ಯದ ಲಕ್ಷ್ಮೀ’ಯನ್ನು ಮಧ್ಯಮಾವತಿ ರಾಗದಲ್ಲಿ ಹಾಡುವುದು ರೂಢಿ. ಅದೂ ಆಮೇಲಿನವರು ತೊಡಿಸಿದ ಉಡುಗೆಯೇ. ಎಂದ ಮೇಲೆ ನಮ್ಮ ಹಿರಿಯರು ಅಸಲೆಂದು ನಂಬಿದ ಧಾಟಿಯೂ ಒಂದು ಮರುಗಾಯನವಲ್ಲದೆ ಮತ್ತೇನು?

ಭೀಮಸೇನರ ಮರುಗಾಯನ ಹುಟ್ಟಿದ ಬಗೆಯನ್ನು ನೋಡಿರಿ. 1922ರಲ್ಲಿ ಗದಗಿನ ಸೀಮೆಯಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗಲೇ ಗುರುವನ್ನರಸಿ ಮನೆಬಿಟ್ಟು ಓಡಿದವರು. ಉತ್ತರ ಹಿಂದುಸ್ಥಾನವನ್ನೆಲ್ಲ ಅಲೆದು, ಕೊನೆಗೆ ತಮ್ಮೂರಿಗೆ ಸಮೀಪದ ಕುಂದಗೋಳದಲ್ಲಿಯೇ ಸವಾಯಿ ಗಂಧರ್ವರ ಪಾದ ಹಿಡಿದರು. ಮುಂದೆ ಪುಣೆಯಲ್ಲಿ ನೆಲೆಸಿದರು. ಕಿರಾಣಾ ಘರಾಣೆಯ ಆ ಗಂಭೀರ ಕಂಠಕ್ಕೆ ದಾಸರ ಪದವನ್ನೂ ತುಕಾರಾಮರ ಅಭಂಗವನ್ನೂ ಒಂದೇ ಭಕ್ತಿಯಿಂದ ಹಾಡುವುದು ಸಹಜವಾಗಿದ್ದಿತು. ಕನ್ನಡದ ಗಂಧವಿಲ್ಲದ ಮರಾಠಿ ಮನೆಗಳಿಗೆ ನಮ್ಮ ಲಕ್ಷ್ಮಿ ಕಾಲಿಟ್ಟದ್ದು ಹೀಗೆ. ನಮ್ಮ ನೆರೆಮನೆಯ ಅಜ್ಜಿಯೂ ಧ್ವನಿಮುದ್ರಿಕೆಯಿಂದಲೇ ಕಲಿತವರು. 2011ರಲ್ಲಿ ಭೀಮಸೇನರು ತೀರಿಕೊಂಡಾಗ ಗದಗಿನಲ್ಲಿಯೂ ಪುಣೆಯಲ್ಲಿಯೂ ಜನರು ‘ನಮ್ಮವರು ಹೋದರು’ ಎಂದೇ ದುಃಖಿಸಿದರು.

ಇನ್ನು ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಮಾಡಿದ ಪ್ರವಾಸವು ಇದಕ್ಕಿಂತಲೂ ದೂರದ್ದು. ಮದರಾಸಿನ ತಮಿಳು ಮನೆತನದ ಟಿ. ಬಾಲಸರಸ್ವತಿಯವರು (1918–1984) ಅದನ್ನು ಅಭಿನಯಕ್ಕೆ ತೆಗೆದುಕೊಂಡು ಜಗತ್ಪ್ರಸಿದ್ಧಗೊಳಿಸಿದರು. ಬಂಗಾಲದ ಸತ್ಯಜಿತ್ ರಾಯ್ ಅವರು 1976ರಲ್ಲಿ ತೆಗೆದ ‘ಬಾಲಾ’ ಎಂಬ ಸಾಕ್ಷ್ಯಚಿತ್ರದಲ್ಲಿ ಆ ಮಹಾತಾಯಿ ಸಮುದ್ರತೀರದಲ್ಲಿ ನಿಂತು, ಗಾಳಿಗೆ ಸೆರಗು ಹಾರಾಡುತ್ತಿರಲು, ಈ ಪದವನ್ನು ಅಭಿನಯಿಸುವುದನ್ನು ಇಂದಿಗೂ ಕಾಣಬಹುದು. ಕನ್ನಡದ ಪದ, ತಮಿಳು ನರ್ತಕಿ, ಬಂಗಾಲಿ ನಿರ್ದೇಶಕ! ಆದರೂ ಮಗುವನ್ನು ಕರೆಯುವ ಆ ಕೈಬೀಸು ನಮ್ಮ ಹಿತ್ತಿಲಿನದೇ.

ಇಪ್ಪತ್ತು ವರ್ಷಗಳ ತರುವಾಯ, 1996ರಲ್ಲಿ, ನಮ್ಮ ಈ ಮುಂಬಯಿಯಲ್ಲಿಯೇ ಮತ್ತೊಂದು ಅಚ್ಚರಿ ನಡೆಯಿತು. ಗಜಲ್ ಗಾಯಕರಾದ ಹರಿಹರನ್, ಗಿಟಾರ್ ನುಡಿಸುವ ಲೆಸ್ಲಿ ಲೂಯಿಸ್ ಇಬ್ಬರೂ ‘ಕಲೋನಿಯಲ್ ಕಸಿನ್ಸ್’ ಎಂಬ ಹೆಸರಿನಿಂದ ಹೊರತಂದ ಸಂಗ್ರಹದಲ್ಲಿ ಇದೇ ಪದವು ಇಂಗ್ಲಿಷ್ ಸಾಲುಗಳ ಜೊತೆ ಹೆಣೆದುಕೊಂಡು ಬಂದಿತು. ಮಡಿವಂತರು ಮೂಗು ಮುರಿದರು. ನಾವೂ ಮೊದಲು ಅನುಮಾನಪಟ್ಟವರೇ ಹೌದು. ಆದರೆ ಗಿಟಾರಿನ ನಡುವಿನಿಂದ ಆ ಕರೆ ಏಳುವಾಗ ಅದರ ಆರ್ತತೆಗೆ ಕುಂದು ಬಂದಿಲ್ಲವೆಂದು ಒಪ್ಪಲೇಬೇಕಾಯಿತು. ಅದಕ್ಕೊಂದು ಕಾರಣವೂ ಉಂಟು. ಈ ಪದವನ್ನು ಹಾಡುವ ಯಮುನಾ ಕಲ್ಯಾಣಿಯು ಉತ್ತರಾದಿಯ ಯಮನ್ ಕಲ್ಯಾಣಕ್ಕೆ ಹತ್ತಿರದ ಬಂಧು. ಆದುದರಿಂದ ಉತ್ತರದ ಕಿವಿಗೆ ಅದು ಪರಕೀಯವೆನ್ನಿಸುವುದಿಲ್ಲ.

ನಮ್ಮ ಪದಗಳಿಗೆ ಪರರು ಹೊಸ ಧಾಟಿ ತೊಡಿಸಿದಂತೆ, ನಮ್ಮ ಧಾಟಿಗಳಿಗೆ ಪರರು ಹೊಸ ಪದ ತೊಡಿಸಿದ್ದೂ ಉಂಟು. ಮರಾಠಿ ಸಂಗೀತ ನಾಟಕದ ಮೂಲಪುರುಷರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅವರು, ಲಾವಣಿ ಕೀರ್ತನಗಳ ಮಟ್ಟುಗಳ ಜೊತೆಗೆ ಕನ್ನಡದ ಮಟ್ಟುಗಳನ್ನೂ ಬಳಸಿಕೊಂಡರು. ಠಾಣೆಯ ಗಡಕರಿ ರಂಗಾಯತನದಲ್ಲಿ ಕುಳಿತು ನಾಟ್ಯಗೀತ ಕೇಳುವಾಗ ‘ಇದನ್ನೆಲ್ಲಿಯೋ ಕೇಳಿದ್ದೇವಲ್ಲ!’ ಎಂದು ನಮಗೆ ಒಮ್ಮೊಮ್ಮೆ ತೋರುವುದುಂಟು. ಈ ನೆರೆಹೊರೆಯಲ್ಲಿ ಕೊಟ್ಟವರಾರು, ಕೊಂಡವರಾರು ಎಂದು ಖಾತೆ ಬರೆಯಹೊರಟರೆ ಯಾವ ಲೆಕ್ಕಿಗನಿಗೂ ಸಾಧ್ಯವಾಗದು.

ಇಷ್ಟನ್ನೂ ಅಂದು ನಮ್ಮ ಹಿರಿಯರಿಗೆ ವಿವರಿಸಿ ವಾದದಲ್ಲಿ ಗೆದ್ದೆವೆಂದು ನಾವು ಬೀಗುತ್ತಿರುವಾಗಲೇ ನಮ್ಮ ಗರ್ವಭಂಗವಾಯಿತು. ಮೊಬೈಲಿನಲ್ಲಿ ಕೇಳಿ ಕೇಳಿ ಆ ಹಾಡನ್ನು ಬಾಯಿಪಾಠ ಮಾಡಿರುವ ನಮ್ಮ ಎಂಟು ವರ್ಷದ ಮಗಳು, “ಅಪ್ಪಾ, ಮಜ್ಜಿಗೆಯಲ್ಲಿ ಬೆಣ್ಣೆ ಎಲ್ಲಿಂದ ಬರುತ್ತದೆ? ಬೆಣ್ಣೆ ಡಬ್ಬಿಯಲ್ಲಿ ಬರುವುದಲ್ಲವೆ?” ಎಂದು ಕೇಳಿದಳು. ಕಡೆಯುವಾಗ ಮಜ್ಜಿಗೆಯಿಂದ ಬೆಣ್ಣೆ ಮೇಲೇಳುವಂತೆ ಲಕ್ಷ್ಮಿ ಬರಲೆಂದು ದಾಸರು ಕೇಳಿಕೊಂಡ ಮಾತು ನಮ್ಮ ಮಗುವಿಗೆ ಬರಿಯ ಸದ್ದಾಗಿದ್ದಿತು. ಎಷ್ಟು ಸಲ ಹಾಡಿಸಿದ್ದೆವು, ಒಂದು ಸಲವೂ ಅರ್ಥ ಹೇಳಿರಲಿಲ್ಲ. ನಾವು ನಿರುತ್ತರರಾದೆವು.

ನೆರವಿಗೆ ಬಂದವರು ಆ ಮರಾಠಿ ಅಜ್ಜಿಯೇ. ಅವರು ಮನೆಗೆ ಹೋಗಿ, ಅವರ ಭಾಷೆಯಲ್ಲಿ ‘ರವಿ’ ಎನ್ನುವ ಮರದ ಕಡೆಗೋಲನ್ನೂ ಕೆನೆ ಮೊಸರಿನ ಪಾತ್ರೆಯನ್ನೂ ತಂದು ಮಗುವಿನ ಮುಂದಿಟ್ಟು ಕಡೆಯತೊಡಗಿದರು. ಊರಿನ ಹಿರಿಯರು ಪಕ್ಕದಲ್ಲಿ ಕುಳಿತು ಒಂದೊಂದು ಮಾತಿನ ಅರ್ಥವನ್ನು ಕನ್ನಡದಲ್ಲಿ ಹೇಳುತ್ತ ಬಂದರು. ಸ್ವಲ್ಪ ಹೊತ್ತಿಗೆ ಬೆಣ್ಣೆಯ ಕಣಗಳು ತೇಲಿದಾಗ ಮಗು ಕೈತಟ್ಟಿ, ಯಾರೂ ಹೇಳದೆಯೇ ಹಾಡಿಗೆ ತೊಡಗಿದಳು. ಧಾಟಿ ಭೀಮಸೇನರದೂ ಅಲ್ಲ, ನಮ್ಮ ಹಿರಿಯರದೂ ಅಲ್ಲ. ಎರಡೂ ಬೆರೆತ ಯಾವುದೋ ಒಂದು. ಹಿರಿಯರು ಈ ಸಲ ಅಸಲಿನ ಮಾತೆತ್ತಲಿಲ್ಲ.

ಧಾಟಿ ಬಡ್ಡಿಯಿದ್ದಂತೆ, ಕಂಠದಿಂದ ಕಂಠಕ್ಕೆ ಬೆಳೆಯುತ್ತಲೇ ಇರುತ್ತದೆ, ಬೆಳೆಸುವವರು ಯಾರಾದರೂ ಆಗಬಹುದು. ಮಾತಿನ ಅರ್ಥವೇ ಅಸಲು. ಹರಿಹರನ್ ಅವರೂ ಬಾಲಸರಸ್ವತಿಯವರೂ ನಮ್ಮ ಬಡ್ಡಿಯನ್ನು ಬೆಳೆಸಿಕೊಟ್ಟರು. ಅಸಲನ್ನು ಕಾಯುವ ಕೆಲಸ ಕನ್ನಡ ಬಲ್ಲ ನಮ್ಮದು. ಈ ರಾಜ್ಯೋತ್ಸವದ ವೇದಿಕೆಯ ಮೇಲೆ ನಮ್ಮ ಮಕ್ಕಳು ಯಾವ ಧಾಟಿಯಲ್ಲಿಯಾದರೂ ಹಾಡಲಿ. ಆದರೆ ಹಾಡುವುದಕ್ಕೆ ಮೊದಲು ಆ ಹಾಡಿನ ಒಂದೊಂದು ಮಾತಿನ ಅರ್ಥವನ್ನೂ ಮನೆಯಲ್ಲಿ ತಿಳಿಸಿಕೊಟ್ಟಿರೋಣ.