ಬಾಣಲಿಯಾಗಿನ ಕ್ರಿಸ್ಮಸ್

ಕ್ರಿಸ್ಮಸ್ ಅಂದ ಕೂಡ್ಲೇ ರೀಲ್ಸ್‌ನಾಗ ಬರೋದು ಓವನ್ನು, ಕೇಕು. ಆದ್ರ ಹುಬ್ಬಳ್ಳಿ-ಧಾರವಾಡದ ಎಷ್ಟೋ ಕ್ರೈಸ್ತರ ಮನಿಯಾಗ ಹಬ್ಬ ಶುರು ಆಗೋದು ಎಣ್ಣಿ ಬಾಣಲಿಯಿಂದ. ಯಾಕ?

ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಅವರಲ್ಲಿ ಹಲವರು ಜರ್ಮನ್ನರು; ಅವರ ಊರಲ್ಲಿ ಡಿಸೆಂಬರ್ ಅಂದರೆ ಮನೆಮಂದಿಯೆಲ್ಲ ಕೂತು ಬಿಸ್ಕತ್ತು ಮಾಡುವ ತಿಂಗಳು. ನಮ್ಮಲ್ಲಿದ್ದದ್ದು ಕಟ್ಟಿಗೆ ಒಲಿ. ಅದರ ಮ್ಯಾಲೆ ಕರಿಯೋದು ಸುಲಭ, ಕೇಕ್ ಬೇಯಿಸೋದು ಕಷ್ಟ. ನನ್ನ ಲೆಕ್ಕ ಇಷ್ಟರೀ: ಹಬ್ಬ ಹೊಸದಾದ್ರೂ ಒಲಿ ಹಳೇದೇ. ಹಂಗಾಗಿ ದೀಪಾವಳಿಯ ಕರ್ಚಿಕಾಯಿ, ಚಕ್ಕುಲಿ ಕ್ರಿಸ್ಮಸ್ಸಿಗೂ ಬಂದ್ವು.

ಕರಾವಳಿ ಕ್ಯಾಥೊಲಿಕರ ಕುಸ್ವಾರ್ ತಟ್ಟೆಯ ನೆವ್ರಿಯೂ ಕರ್ಚಿಕಾಯಿಯ ತಂಗಿನೇ. ಅಲ್ಲಿ ಮಕ್ಕಳು ಬಾಚಣಿಕೆ ಮೇಲೆ ಹಿಟ್ಟು ಒತ್ತಿ ಕಿಡಿಯೊ ಮಾಡ್ತಾರೆ. ಇಲ್ಲಿ ಹೂರಣ ತುಂಬಿ ಅಂಚು ಒತ್ತತಾರ. ಅಂಚು ಬಿಟ್ರ ಹೂರಣ ಎಣ್ಣಿ ಪಾಲು!

ಧಾರವಾಡದಲ್ಲೂ ಇದ್ದ ಅದೇ ಮಿಷನ್‌ನ ಕಿಟೆಲ್ ಸಾಹೇಬ್ರ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯ್ತು. ಪದ ಪುಸ್ತಕದಾಗ ಉಳೀತಾವ. ಹಿಟ್ಟಿನ ಹದ ಮಾತ್ರ ಕೈಯಾಗ ಉಳೀಬೇಕು. ಈಗ ಎಲ್ಲಾ ಪ್ಯಾಕೆಟ್‌ನಾಗ ಸಿಗ್ತದ. ಒಂದು ತಲೆಮಾರು ಕೈ ಬಿಟ್ರ ಹದಾನೂ ಹೋಗ್ತದ. ಈ ಡಿಸೆಂಬರ್‌ನಾಗ ಮನಿ ಹುಡುಗರ ಕೈಗೆ ಫೋನ್ ಬದಲು ಒಂದು ಉಂಡಿ ಹಿಟ್ಟು ಕೊಟ್ಟು ನೋಡ್ರಿ.