ಬಿಜಾಪುರದ ಬಂಡಾಯದ ರೂಪಾಯಿ

ಎರ್ಮಾಳಿನ ಹಳೆಯ ಮನೆಗಳಲ್ಲಿ ಅಜ್ಜಿಯ ಪೆಟ್ಟಿಗೆ ತೆರೆದರೆ ವಿಕ್ಟೋರಿಯಾ ರಾಣಿಯ ಮುಖವುಳ್ಳ ಬೆಳ್ಳಿ ರೂಪಾಯಿ ಸಿಗಬಹುದು. ನಾಡು ಯಾರದೆಂದು ಆ ಮುಖವೇ ಹೇಳುತ್ತಿತ್ತು. ಮೊಗಲರ ರೂಪಾಯಿಯಲ್ಲಿ ಮುಖದ ಬದಲು ಹೆಸರಿರುತ್ತಿತ್ತು. ಆ ಹೆಸರಿಗಾಗಿ ಒಬ್ಬ ರಾಜಕುಮಾರ ಪ್ರಾಣ ಕೊಟ್ಟದ್ದು ನಿಮಗೆ ಗೊತ್ತೆ?

1707ರ ಮಾರ್ಚ್‌ನಲ್ಲಿ ಔರಂಗಜೇಬ ತೀರಿಕೊಂಡ. ಬಿಜಾಪುರದ (ಇಂದಿನ ವಿಜಯಪುರ) ಆಡಳಿತ ಪಡೆದಿದ್ದ ಕಿರಿಯ ಮಗ ಕಾಂ ಬಕ್ಷ್ ತಾನೇ ಬಾದಶಹನೆಂದು ಸಾರಿದ. ‘ದೀನ್ ಪನಾಹ್’, ಅಂದರೆ ಧರ್ಮರಕ್ಷಕ ಎಂಬ ಬಿರುದಿನೊಡನೆ ಬಿಜಾಪುರ, ಕಲಬುರಗಿಗಳಲ್ಲಿ ಬೆಳ್ಳಿ ರೂಪಾಯಿ ಹೊರಡಿಸಿದ. ರೇಡಿಯೊ, ಟೆಲಿವಿಷನ್ ಇಲ್ಲದ ಕಾಲ ನೋಡಿ. ಹೊಸ ದೊರೆಯ ಸುದ್ದಿಯನ್ನು ಸಂತೆಗೆ ಮುಟ್ಟಿಸುತ್ತಿದ್ದುದು ನಾಣ್ಯ, ಮಸೀದಿಗೆ ಮುಟ್ಟಿಸುತ್ತಿದ್ದುದು ಶುಕ್ರವಾರದ ಖುತ್ಬಾ.

ಅದೇ ಜೂನ್‌ನಲ್ಲಿ ಆಗ್ರಾ ಬಳಿಯ ಜಾಜೌನಲ್ಲಿ ಇನ್ನೊಬ್ಬ ಸೋದರ ಆಜಂನನ್ನು ಸೋಲಿಸಿದ ಹಿರಿಯಣ್ಣ ಮುಅಜ್ಜಂ, ಬಹಾದೂರ್ ಷಾ ಎಂಬ ಹೆಸರಿನಲ್ಲಿ ಪಟ್ಟವೇರಿದ್ದ. ಅವನು ತಮ್ಮನಿಗೆ ಸಂಧಾನದ ಪತ್ರ ಕಳಿಸಿದ. ಬಿಜಾಪುರದ ಜೊತೆಗೆ ಹೈದರಾಬಾದನ್ನೂ ಬಿಟ್ಟುಕೊಡಲು ಅವನು ಸಿದ್ಧ. ನಾಣ್ಯ ಮತ್ತು ಖುತ್ಬಾ ಮಾತ್ರ ತನ್ನ ಹೆಸರಿನಲ್ಲಿರಬೇಕು. ಎರಡು ಪ್ರಾಂತ್ಯಗಳಿಗಿಂತ ಒಂದು ಹೆಸರು ಹೆಚ್ಚಾಯಿತು. ತಮ್ಮ ಒಪ್ಪಲಿಲ್ಲ. 1709ರ ಜನವರಿಯಲ್ಲಿ ಹೈದರಾಬಾದಿನ ಬಳಿ ನಡೆದ ಯುದ್ಧದಲ್ಲಿ ಗಾಯಗೊಂಡು ಸೆರೆಸಿಕ್ಕಿ ಸತ್ತ. ಗೆದ್ದಿದ್ದರೆ ಅವನನ್ನು ಬಂಡಾಯಗಾರ ಎನ್ನುವವರು ಯಾರಿದ್ದರು?

ಆ ರೂಪಾಯಿಗಳು ಇಂದು ಅಪರೂಪ. ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚಿಗಿಂತ ಬಿಲ್ಲೆ ಚಿಕ್ಕದು. ಹಾಗಾಗಿ ಎಷ್ಟೋ ನಾಣ್ಯಗಳಲ್ಲಿ ಬರಹದ ಅಂಚು ಹೊರಗೇ ಉಳಿದಿದೆ. ಪೂರ್ತಿ ಓದಬೇಕಾದರೆ ಎರಡು ಮೂರು ನಾಣ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.