ಬಾವಲಿಯ ಮನೆಯ ನೆಂಟರು: ನೆಲೆ, ವಲಸೆ ಮತ್ತು ವಂಶವಾಹಿಯ ಚರಿತ್ರೆ

ಬಾವಲಿಯ ಮನೆಗೆ ನೆಂಟರು ಬಂದರೆ ‘ನಾವೂ ಜೋತಾಡುವೆವು, ನೀವೂ ಜೋತಾಡಿ’ ಎನ್ನುವುದೇ ಅಲ್ಲಿನ ಉಪಚಾರವಂತೆ. ಹಿಂದಿ–ಉರ್ದು ಆಡುಮಾತಿನ ಈ ಗಾದೆ ಬಡ ಆತಿಥ್ಯವನ್ನು ಕುರಿತ ಪರಿಹಾಸ್ಯ. ಆದರೆ ಅದರೊಳಗೆ ಒಂದು ತಿಳಿವಳಿಕೆಯೂ ಅಡಗಿದೆ. ಬಾವಲಿಗಳು ಹುಟ್ಟಿದ ನೆಲೆಗೇ ಅಂಟಿಕೊಂಡವಲ್ಲ, ಒಂದು ನೆಲೆಯವು ಮತ್ತೊಂದಕ್ಕೆ ಹೋಗಿ ಸೇರುತ್ತವೆ ಎಂಬುದೇ ಆ ತಿಳಿವಳಿಕೆ. ವಂಶವಾಹಿ ಅಧ್ಯಯನಗಳು ಈ ಮಾತನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತವೆ, ನೆಲೆಗಳ ಅಳಿವು ಉಳಿವಿನ ಪ್ರಶ್ನೆಗೆ ಅದರಿಂದ ದೊರೆಯುವ ಉತ್ತರವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಹುಮನಾಬಾದ್ ಮತ್ತು ಬಸವಕಲ್ಯಾಣ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಕೂಡುವ ಈ ಗಡಿನೆಲದ ಭಾಷೆಗಳಲ್ಲಿ ಒಂದೇ ಜೀವಿಗೆ ಹಲವು ಹೆಸರುಗಳಿವೆ. ಕನ್ನಡದ ‘ಬಾವಲಿ’ಯು ತಮಿಳು, ಮಲಯಾಳಗಳ ‘ವಾವಲ್’ ಎಂಬುದರ ಸೋದರ ರೂಪ. ಮರಾಠಿಯ ‘ವಟವಾಘೂಳ’ದಲ್ಲಿ ಆಲದ ಮರವನ್ನು ಸೂಚಿಸುವ ‘ವಟ’ ಸೇರಿಕೊಂಡಿದೆ. ತೆಲುಗಿನ ‘ಗಬ್ಬಿಲಂ’ ಬೇರೆಯೇ ಮೂಲದ್ದು. ‘ತೊಗಲುಬಾವಲಿ’ ಎಂಬ ನಮ್ಮ ಹೆಸರು ಅದರ ಮೈಯನ್ನು ಗುರುತಿಸಿದರೆ, ಮರಾಠಿಯ ಹೆಸರು ಅದರ ಮನೆಯನ್ನು ಗುರುತಿಸುತ್ತದೆ. ಅದರ ಸಂಚಾರವನ್ನು ಗುರುತಿಸುವುದು ಮೇಲಿನ ಗಾದೆ ಮಾತ್ರ.

ವಿಜ್ಞಾನದ ದಾಖಲೆಯೂ ಮೊದಲು ಆರಂಭವಾದದ್ದು ನೆಲೆಯಿಂದಲೇ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1911ರಲ್ಲಿ ಸಸ್ತನಿ ಸಮೀಕ್ಷೆಯನ್ನು ಕೈಗೊಂಡಿತು. ಮರುವರ್ಷ ಎಸ್. ಎಚ್. ಪ್ರೇಟರ್ ಅವರಿಗೆ ಬೆಳಗಾವಿ ಜಿಲ್ಲೆಯ ಬಾರಾಪೇಡೆ ಗುಹೆಗಳಲ್ಲಿ ಅದುವರೆಗೆ ಹೆಸರಿಲ್ಲದಿದ್ದ ಬಾವಲಿಯೊಂದು ದೊರೆಯಿತು. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಅದಕ್ಕೆ ರಾಟನ್ ಅವರ ಹೆಸರನ್ನಿಟ್ಟರು. ಬಹುಕಾಲ ಇದು ಜಗತ್ತಿನಲ್ಲಿ ಆ ಒಂದೇ ಸ್ಥಳದ ಜೀವಿ ಎಂದು ನಂಬಲಾಗಿತ್ತು. ಇಪ್ಪತ್ತೊಂದನೆಯ ಶತಮಾನದ ಆರಂಭದ ವರ್ಷಗಳಲ್ಲಿ ಕಾಂಬೋಡಿಯ ಮತ್ತು ಮೇಘಾಲಯಗಳಿಂದಲೂ ಅದೇ ಪ್ರಭೇದದ ವರದಿ ಬಂದುದರಿಂದ ಆ ನಂಬಿಕೆ ಸಡಿಲಿತು.

ಕೋಲಾರ ಜಿಲ್ಲೆಯ ಸಂಗತಿ ಇದಕ್ಕಿಂತ ಭಿನ್ನ. ಡಿ. ಕಾಕ್ ಮತ್ತು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಎಚ್. ಆರ್. ಭಟ್ ಅವರು 1994ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದ ಕೋಲಾರದ ಎಲೆಮೂಗಿನ ಬಾವಲಿ ಇಂದು ಹನುಮನಹಳ್ಳಿಯ ಬಂಡೆಗವಿಯಲ್ಲಿ ಮಾತ್ರ ಉಳಿದಿರುವುದಾಗಿ ತಿಳಿದುಬಂದಿದೆ. ಪ್ರಾಯಕ್ಕೆ ಬಂದವುಗಳ ಸಂಖ್ಯೆ 200ಕ್ಕೂ ಕಡಿಮೆ ಎಂಬುದು ಅಂದಾಜು. ಗ್ರಾನೈಟ್ ಗಣಿಗಾರಿಕೆ ಈ ನೆಲೆಗೆ ಒದಗಿದ ದೊಡ್ಡ ಅಪಾಯ. ಇಷ್ಟು ಚಿಕ್ಕ ಕುಲಕ್ಕೆ ಹೊರಗಿನಿಂದ ನೆಂಟರು ಬಾರದಿದ್ದರೆ ಒಳಸಂಬಂಧಗಳು ಹೆಚ್ಚಿ ವಂಶವಾಹಿಗಳ ವೈವಿಧ್ಯ ತಲೆಮಾರಿನಿಂದ ತಲೆಮಾರಿಗೆ ಕರಗುತ್ತದೆ.

ನೆಂಟರು ಬರುತ್ತಾರೆಯೇ ಎಂಬ ಪ್ರಶ್ನೆಗೆ ದಖ್ಖಣದಲ್ಲೇ ಒಂದು ಸ್ಪಷ್ಟ ಉತ್ತರ ದೊರೆತಿದೆ. ಹುಮನಾಬಾದಿನ ಮೂಲಕ ಹೈದರಾಬಾದಿಗೆ ಸಾಗುವ ಹೆದ್ದಾರಿಯ ಪಶ್ಚಿಮದ ತುದಿಯಲ್ಲಿರುವ ಪುಣೆ ನಗರವೇ ಅದರ ಕ್ಷೇತ್ರ. ಭಟ್ ಮತ್ತು ಅಮೆರಿಕದ ಥಾಮಸ್ ಕುಂಜ್ ಅವರು ಗಿಡ್ಡಮೂತಿಯ ಹಣ್ಣುಬಾವಲಿ ಬೈನೆ ಮರದ ಹೂಗೊಂಚಲಿನ ನಡುವಿನ ಎಳೆಗಳನ್ನು ಕತ್ತರಿಸಿ ಗಂಟೆಯಾಕಾರದ ಗೂಡು ಮಾಡಿಕೊಳ್ಳುವುದನ್ನು ದಾಖಲಿಸಿದರು. ಮುಂದೆ ಜೇ ಸ್ಟಾರ್ಜ್ ಇವರೊಂದಿಗೆ ಸೇರಿ ಅದೇ ಪ್ರಭೇದದ ಡಿಎನ್‌ಎ ಗುರುತುಗಳನ್ನು ಪರೀಕ್ಷಿಸಿ 2001ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಇಲ್ಲಿ ಒಂದು ಗಂಡು ಹಲವು ಹೆಣ್ಣುಗಳೊಡನೆ ಒಂದು ಗೂಡಿನಲ್ಲಿ ನೆಲೆಸುತ್ತದೆ. ಆದಕಾರಣ ಒಂದು ಗೂಡಿನ ಮರಿಗಳಲ್ಲಿ ತಂದೆಯ ಕಡೆಯ ಸಂಬಂಧ ದಟ್ಟವಾಗಿರುತ್ತದೆ, ಗೂಡಿನಿಂದ ಗೂಡಿಗೆ ಮರಿಗಳಲ್ಲಿ ವಂಶವಾಹಿ ವ್ಯತ್ಯಾಸ ಎದ್ದು ಕಾಣುತ್ತದೆ. ಆದರೆ ಹಾಲು ಬಿಟ್ಟ ಮೇಲೆ ಗಂಡುಮರಿ, ಹೆಣ್ಣುಮರಿ ಎರಡೂ ಹುಟ್ಟಿದ ಗೂಡನ್ನು ತೊರೆಯುತ್ತವೆ. ಹೀಗಾಗಿ ಪ್ರಾಯದ ಬಾವಲಿಗಳಲ್ಲಿ ಆ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಒಂದೇ ಗೂಡಿನಲ್ಲಿ ಜೋತಾಡುವ ಹೆಣ್ಣುಗಳು ಅಕ್ಕತಂಗಿಯರೆಂಬ ಊಹೆಗೆ ಆಧಾರವಿಲ್ಲ, ಅವು ಬೇರೆ ಬೇರೆ ಕಡೆಯಿಂದ ಬಂದು ಕೂಡಿದವು. ಗಾದೆಯ ನೆಂಟರು ಇವರೇ.

ಎಲ್ಲ ಬಾವಲಿಗಳಿಗೂ ಈ ಮಾತು ಅನ್ವಯಿಸುವುದಿಲ್ಲ. ಹೆಣ್ಣು ತಾಯ ನೆಲೆಯಲ್ಲೇ ಉಳಿದು ಗಂಡು ಮಾತ್ರ ಚದುರುವ ಪ್ರಭೇದಗಳುಂಟು. ತಾಯಿಯಿಂದ ಮಾತ್ರ ಬರುವ ಮೈಟೋಕಾಂಡ್ರಿಯದ ಡಿಎನ್‌ಎಯನ್ನೂ ತಂದೆ ತಾಯಿ ಇಬ್ಬರಿಂದ ಬರುವ ಡಿಎನ್‌ಎಯನ್ನೂ ಹೋಲಿಸಿ ವಿದ್ವಾಂಸರು ಇದನ್ನು ತಿಳಿಯುತ್ತಾರೆ. ಮತ್ತೊಂದು ತುದಿಯಲ್ಲಿ ಆಫ್ರಿಕದ ಹುಲ್ಲುಬಣ್ಣದ ಹಣ್ಣುಬಾವಲಿಯಿದೆ. ಆ ಖಂಡದುದ್ದಕ್ಕೂ ಅದು ಒಂದೇ ಕುಲದಂತೆ ಬೆರೆತಿರುವುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಈ ಹಿನ್ನೆಲೆಯಲ್ಲಿ ಕಲ್ಯಾಣದ ಕೋಟೆ, ಜಲಸಂಗಿಯ ಚಾಲುಕ್ಯ ದೇಗುಲದಂತಹ ಸ್ಮಾರಕಗಳನ್ನು ನೋಡಬೇಕು. ಜನವಸತಿ ತೊರೆದ ಕತ್ತಲ ಕೋಣೆಗಳು, ಹಳೆಯ ಆಲ ಅರಳಿಗಳು ಬಾವಲಿಗಳಿಗೆ ಒಗ್ಗುವಂಥವು. ಜೀರ್ಣೋದ್ಧಾರದ ಹೊತ್ತಿನಲ್ಲಿ ಅವುಗಳನ್ನು ಕೊಳೆಯೆಂದು ಗುಡಿಸಿಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ನೆಲೆ ಬರಿದಾದರೆ ಮತ್ತೆ ತುಂಬುವ ನೆಂಟರು ಇದ್ದಾರೆಯೇ? ಇದ್ದರೆ ನಷ್ಟ ಒಂದು ಗೂಡಿನದು, ಇಲ್ಲವಾದರೆ ಒಂದು ವಂಶದ್ದು. ನೆರೆಯ ನೆಲೆಗಳೂ ಒಂದೊಂದಾಗಿ ಅಳಿದರೆ ಮೊದಲನೆಯದೂ ಎರಡನೆಯದಾಗುತ್ತದೆ. ಕಾನೂನು ಬಹುಕಾಲ ಈ ಭೇದವನ್ನು ಎಣಿಸಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಹಣ್ಣುಬಾವಲಿಗಳನ್ನು ಕಾಗೆ, ಇಲಿಗಳ ಸಾಲಿನಲ್ಲಿ ಹಾನಿಕಾರಕವೆಂದು ಸೇರಿಸಿತ್ತು. ಆ ಅನುಸೂಚಿ ರದ್ದಾದದ್ದು 2022ರ ತಿದ್ದುಪಡಿಯಿಂದ, ಅದು ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಂದು.

ಜಾನಪದ ಕ್ಷೇತ್ರಕಾರ್ಯಕ್ಕೆ ಇಲ್ಲಿ ಮಾಡಬೇಕಾದ ಕೆಲಸವೊಂದಿದೆ. ವಂಶವಾಹಿಯು ಯಾರು ಯಾರಿಗೆ ಸಂಬಂಧಿ ಎಂಬುದನ್ನು ಹೇಳಬಲ್ಲುದು. ಯಾವ ಮರಕ್ಕೆ ಬಾವಲಿಗಳು ಯಾವ ಕಾಲದಲ್ಲಿ ಬಂದವು, ಯಾವ ಬರಗಾಲದಲ್ಲಿ ಬಿಟ್ಟುಹೋದವು, ಯಾವ ಮರ ಉರುಳಿದ ಮೇಲೆ ಎತ್ತ ಹಾರಿದವು ಎಂಬುದನ್ನು ಹೇಳಬಲ್ಲವರು ಊರಿನ ಹಿರಿಯರು. ಅವರ ನೆನಪುಗಳನ್ನು ಗ್ರಾಮವಾರು ಸಂಗ್ರಹಿಸಿ ನೆಲೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರೆ ಜೀವವಿಜ್ಞಾನಿಗಳಿಗೆ ಎಲ್ಲಿ ಹುಡುಕಬೇಕೆಂಬುದು ತಿಳಿಯುತ್ತದೆ. ಮರ ನಿಂತಿರುವಾಗ, ಅದನ್ನು ಬಲ್ಲವರು ಇರುವಾಗಲೇ ಈ ಕಾರ್ಯ ನಡೆಯಬೇಕು.